ಅಪ್‌ಡೇಟ್: ಹಿರಿಯ ಆರೋಹಿಯ ಚಿಕಿತ್ಸಾ ನಿಧಿ ಎಲ್ಲಿಗೆ ಬಂತು

ನಮಗೆಲ್ಲ ಹಗ್ಗದ ಗಂಟು ಕಟ್ಟಲು ಕಲಿಸಿದ ಹಿರಿಯ ಆರೋಹಿಯೊಬ್ಬರು ಬಿದ್ದು ಬೆನ್ನುಹುರಿಗೆ ಪೆಟ್ಟಾದಾಗ, ಅವರ ಚಿಕಿತ್ಸೆಗೆ ಹಣ ಕೂಡಿಸುವುದು ಹೇಗೆಂದು ಕೇಳಿದ್ದೆ. ನೀವು ಹೇಳಿದಂತೆ, ಯಾರೊಬ್ಬರ ಸ್ವಂತ ಖಾತೆಗೂ ಹಣ ಹಾಕದೆ, ಕುಟುಂಬದವರೂ ಸೇರಿದ ಜಂಟಿ ಖಾತೆ ತೆರೆದೆವು; ಶಸ್ತ್ರಚಿಕಿತ್ಸೆಯ ಬಿಲ್ಲು ಅದರಿಂದಲೇ ತೀರಿದೆ.

ನಿಧಿಗಾಗಿ ನಡೆಸಿದ ಆರೋಹಣ ಸಲಕರಣೆಗಳ ಹರಾಜಿನಲ್ಲಿ ಮಾತ್ರ ನಾವು ಕಟ್ಟುನಿಟ್ಟಾಗಿದ್ದೆವು. ಪ್ರೀತಿಯಿಂದ ಕೊಟ್ಟ ಹಳೆಯ ಹಗ್ಗ, ಹಾರ್ನೆಸ್‌ಗಳನ್ನು (ಹಗ್ಗಕ್ಕೆ ಸೇರಿಸಿಕೊಳ್ಳಲು ಮೈಗೆ ತೊಡುವ ಪಟ್ಟಿಗಳು) ಮಾರಲಿಲ್ಲ. ಏಕೆಂದರೆ ಅವುಗಳಲ್ಲಿರುವ ನೈಲಾನ್ ಬಿಸಿಲು, ಸವೆತ ಮತ್ತು ವಯಸ್ಸಿನಿಂದ ಕಣ್ಣಿಗೆ ಕಾಣದಂತೆ ದುರ್ಬಲವಾಗುತ್ತದೆ, ಬಳಸದೇ ಇಟ್ಟ ಹಗ್ಗವನ್ನೂ ಸಾಮಾನ್ಯವಾಗಿ 10 ವರ್ಷಕ್ಕೆ ಕೈಬಿಡಬೇಕೆಂದು ತಯಾರಕರೇ ಹೇಳುತ್ತಾರೆ. ತಮಗಾಗಿ ಮಾರಿದ ಹಗ್ಗದಿಂದ ಇನ್ನೊಬ್ಬರು ಬೀಳುವುದನ್ನು ಆ ಹಿರಿಯರು ಎಂದಿಗೂ ಸಹಿಸುತ್ತಿರಲಿಲ್ಲ.

ಈಗಿನ ಚಿಂತೆ ಮುಂದಿನ ತಿಂಗಳುಗಳದ್ದು. ಕಾಲುಗಳಲ್ಲಿ ಸ್ಪರ್ಶಜ್ಞಾನವಿಲ್ಲದ ಕಾರಣ ಹಾಸಿಗೆ ಹುಣ್ಣಾಗದಂತೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಫಿಸಿಯೋಥೆರಪಿ ನಿಲ್ಲಬಾರದು. ಮೊದಲ ವಾರ ಹರಿದುಬಂದ ನೆರವು ಇಳಿದಿರುವುದರಿಂದ, ಒಮ್ಮೆಗೇ ದೊಡ್ಡ ಮೊತ್ತ ಕೊಡುವವರಿಗಿಂತ ಪ್ರತಿ ತಿಂಗಳೂ ಸ್ವಲ್ಪ ಕೊಡಬಲ್ಲವರನ್ನು ಹುಡುಕುತ್ತಿದ್ದೇವೆ. ರಾತ್ರಿಯ ಸರದಿಗೆ ಶಿಷ್ಯರೇ ನಿಂತಿದ್ದಾರೆ. ನಿನ್ನೆ ಅವರು ಮೊದಲ ಬಾರಿಗೆ ಗಾಲಿಕುರ್ಚಿಯಲ್ಲಿ ಕುಳಿತು, ಕೊಟ್ಟವರ ಪಟ್ಟಿಯನ್ನು ತರಿಸಿ, ಒಂದೊಂದು ಹೆಸರನ್ನೂ ನಿಧಾನವಾಗಿ ಓದಿದರು.