ಮಗಳು ಸಮಾಜಶಾಸ್ತ್ರ ತಗೊಂಡಿದ್ದಾಳೆ, ಏನು ಕಲಿತು ಬರಬೇಕು?

ಕೇಳಿದವರು, ಡೊಂಬಿವಲಿ:
ಮಗಳು ಬಿಎಗೆ ಸಮಾಜಶಾಸ್ತ್ರ ತಗೊಂಡಿದ್ದಾಳೆ. ‘ಅದನ್ನು ಓದಿ ಏನು ಮಾಡ್ತಾಳಂತೆ?’ ಅಂತ ನೆಂಟರ ಕಾಟ. ಕೆಲಸದ ಮಾತು ಆಮೇಲಿರಲಿ, ಡಿಗ್ರಿ ಮುಗಿಯುವಷ್ಟರಲ್ಲಿ ಅವಳಿಗೆ ನಿಜವಾಗಿ ಏನು ದಕ್ಕಬೇಕು? ಓದಿದವರು ಹೇಳಿ.

ಮಾಟುಂಗಾದಿಂದ:
ಕೇಳುವುದನ್ನು ಕಲಿಯಲಿ ಅಕ್ಕಾ. ಎಂಎ ಪ್ರಾಜೆಕ್ಟ್‌ಗೆ ನಾನು ನಮ್ಮವರದೇ ಒಂದು ಹೋಟೆಲ್ ಹಿಡಿದಿದ್ದೆ. ‘ಸಂಬಳ ಎಷ್ಟು?’ ಅಂದರೆ ಸಪ್ಲಾಯರ್‌ಗಳು ಗಲ್ಲಾದ ಕಡೆ ನೋಡಿ ಸುಮ್ಮನಾಗುತ್ತಿದ್ದರು. ‘ಕಳೆದ ಸಲ ಊರಿಗೆ ಹೋದಾಗ ಏನೇನು ತಗೊಂಡು ಹೋದ್ರಿ?’ ಅಂದರೆ ಮಾತು ನಿಲ್ಲುತ್ತಿರಲಿಲ್ಲ. ಯಾರು ಕರೆತಂದರು, ಯಾರ ಸಾಲ ಬಾಕಿ, ರಾತ್ರಿ ಎಲ್ಲಿ ಮಲಗುತ್ತಾರೆ, ಎಲ್ಲ ಅದರಲ್ಲೇ ಬಂತು. ‘ಊರಿನ ಹುಡುಗರಿಗೆ ಈಗ ಮೈ ಬಗ್ಗಲ್ಲ, ಅದಕ್ಕೇ ಬರಲ್ಲ’ ಅಂತ ಮಾಲೀಕರ ದೂರು. ವಿಚಾರಿಸಿದರೆ ಈ ಸಪ್ಲಾಯರ್‌ಗಳ ತಮ್ಮಂದಿರಲ್ಲಿ ಒಬ್ಬ ಗಲ್ಫ್‌ನಲ್ಲಿ, ಇನ್ನೊಬ್ಬ ಮಂಗಳೂರಿನಲ್ಲಿ ಐಟಿಐ. ಸೋಮಾರಿತನ ಎಲ್ಲಿ ಬಂತು? ಒಬ್ಬೊಬ್ಬರ ಗುಣದ ಮೇಲೆ ಹೊರಿಸುವುದರ ಹಿಂದೆ ಊರಿನ ಜಮೀನು, ಶಾಲೆ, ಕೂಲಿ ಇರುತ್ತದೆ. ಅದು ಕಣ್ಣಿಗೆ ಬೀಳತೊಡಗಿದರೆ ಫೀಸು ವಸೂಲಾದ ಹಾಗೆ.

ಪುಣೆಯಿಂದ:
ನೆಂಟರಿಗೆ ಹೇಳಿ, ಇದು ಹೊಸ ಹುಚ್ಚಲ್ಲ. ಮುಂಬೈ ವಿಶ್ವವಿದ್ಯಾಲಯದಲ್ಲಿ ಈ ವಿಭಾಗ 1919ರಿಂದಲೇ ಇದೆ. ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅಲ್ಲೇ, ಪ್ರೊಫೆಸರ್ ಘುರ್ಯೆಯವರ ಶಿಷ್ಯರಾಗಿದ್ದವರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬೀಡುಬಿಟ್ಟು ಅಧ್ಯಯನ ಮಾಡಿದರು. ಶಾಸ್ತ್ರದ ಪ್ರಕಾರ ಮೇಲಿರುವವರ ಮಾತೇ ಊರಲ್ಲಿ ನಡೆಯಬೇಕೆಂದಿಲ್ಲ, ಜಮೀನು ಮತ್ತು ತಲೆಎಣಿಕೆ ಇದ್ದವರ ಮಾತು ನಡೆಯುತ್ತದೆ ಎಂಬ ‘ಪ್ರಬಲ ಜಾತಿ’ಯ ವಿಚಾರ ಅವರದು. ಪರೀಕ್ಷೆಗೆ ಇದರ ವ್ಯಾಖ್ಯಾನ ಉರು ಹೊಡೆದು ಬರೆದವರು ಬೇಕಾದಷ್ಟು ಮಂದಿ. ನಿಮ್ಮ ಮಗಳು ರಜೆಯಲ್ಲಿ ಅಜ್ಜಿ ಮನೆಗೆ ಹೋದಾಗ ಅಲ್ಲಿನ ಪಂಚಾಯ್ತಿಗೆ ಇದನ್ನು ಹಚ್ಚಿ ನೋಡಲಿ. ಹೊಂದದಿದ್ದರೆ ಇನ್ನೂ ಒಳ್ಳೆಯದು, ಯಾಕೆ ಅಂತ ಹುಡುಕುತ್ತಾಳೆ.

ಥಾಣೆಯಿಂದ:
ಮೇಲಿನವರು ಅಂಕಿಅಂಶದ ಮಾತೇ ಎತ್ತಲಿಲ್ಲ! ಗಣಿತದ ಭಯಕ್ಕೆ ಆರ್ಟ್ಸ್ ತಗೊಂಡವರು ಆ ಪೇಪರ್‌ನಿಂದ ತಪ್ಪಿಸಿಕೊಳ್ಳುತ್ತಾರೆ, ಬಿಡಬೇಡಿ. ನಾನು ಸರ್ವೇ ಕಂಪನಿಯಲ್ಲಿದ್ದೇನೆ. ಮಧ್ಯಾಹ್ನ ಮನೆಮನೆಗೆ ಹೋದರೆ ಸಿಗುವವರು ಹೆಚ್ಚಾಗಿ ಗೃಹಿಣಿಯರು, ವಯಸ್ಸಾದವರು. 7.50ರ ಲೋಕಲ್ ಹಿಡಿದವರು ಲೆಕ್ಕಕ್ಕೇ ಬರುವುದಿಲ್ಲ. ‘ಇಷ್ಟು ಪರ್ಸೆಂಟ್ ಜನ ಒಪ್ಪಿದರು’ ಅಂತ ಪೇಪರಿನಲ್ಲಿ ಓದಿದ ಕೂಡಲೇ ‘ಯಾರನ್ನು, ಯಾವ ಹೊತ್ತಿನಲ್ಲಿ ಕೇಳಿದರು?’ ಅನ್ನುವ ಚಾಳಿ ಬರಬೇಕು. ಐಎಎಸ್ ಆಸೆ ಇದ್ದರೆ ಮೇನ್ಸ್‌ನಲ್ಲಿ ಇದನ್ನೇ ಐಚ್ಛಿಕ ವಿಷಯವಾಗಿ ತಗೊಂಡರೆ 500 ಅಂಕ ಇದೆ, ಅದು ಬೇರೆ ಮಾತು. ಮತ್ತೆ, ಮರಾಠಿ ಗಟ್ಟಿ ಮಾಡಿಸಿ. ಇಲ್ಲಿನ ಚಾಳ್‌ಗಳ (ಸಾಲುಮನೆಗಳ) ಅಜ್ಜಿಯರು ಇಂಗ್ಲಿಷ್ ಪ್ರಶ್ನಾವಳಿಗೆ ಬಾಗಿಲು ತೆಗೆಯುವುದಿಲ್ಲ.