ಸಹಾಯ ಬೇಕು: ಪೇಟೆಂಟ್ ವಕೀಲಿಕೆಗೆ ಯಾವ ಡಿಗ್ರಿ ಸೇರಲಿ?

ಎಲ್ಲರಿಗೂ ನಮಸ್ಕಾರ. ಮುಂದೆ ಪೇಟೆಂಟ್ ವಕೀಲಿಕೆ ಮಾಡಬೇಕು ಅಂತ ಆಸೆ. ಈಗ ಯಾವ ಡಿಗ್ರಿ ಸೇರಬೇಕು ಅನ್ನೋದೇ ಗೊಂದಲ.

ನೇರವಾಗಿ ಐದು ವರ್ಷದ ಕಾನೂನು ಕೋರ್ಸ್ ಸೇರು ಅಂತ ಮನೆಯಲ್ಲಿ ಹೇಳುತ್ತಾರೆ. ಆದರೆ ನಮ್ಮ 1970ರ ಪೇಟೆಂಟ್ ಕಾಯ್ದೆ ಪ್ರಕಾರ ಪೇಟೆಂಟ್ ಏಜೆಂಟ್ (ಬೇರೆಯವರ ಪರವಾಗಿ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಹಾಕಿ ನಡೆಸುವವರು) ಆಗಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಡಿಗ್ರಿ ಬೇಕು. ಏಜೆಂಟ್ ಆಗಲು ಬರೆಯುವ ಪರೀಕ್ಷೆಗೆ ಕಾನೂನು ಡಿಗ್ರಿ ಕೇಳುವುದೇ ಇಲ್ಲ! ಹಾಗಾಗಿ ಮೊದಲು ವಿಜ್ಞಾನ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಅನ್ನೋದು ನನ್ನ ಲೆಕ್ಕ.

ವಿಷಯ ಯಾವುದು ಅನ್ನೋದೇ ತಲೆನೋವು. ನನಗೆ ಕೆಮಿಸ್ಟ್ರಿ ಇಷ್ಟ. ಆದರೆ ಔಷಧ, ಬಯೋಟೆಕ್ ಪೇಟೆಂಟ್ ಕೆಲಸಕ್ಕೆ ಬರೀ ಬಿಎಸ್‌ಸಿ ಸಾಲದು, ಎಂಎಸ್‌ಸಿಯೋ ಪಿಎಚ್‌ಡಿಯೋ ಇದ್ದರೆ ಒಳ್ಳೆಯದು ಅನ್ನುತ್ತಾರೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಸಾಕಂತೆ. ಸುಮ್ನೆ ಕೆಲಸದ ಆಸೆಗೆ ಇಷ್ಟವಿಲ್ಲದ್ದನ್ನು ನಾಲ್ಕು ವರ್ಷ ಓದೋದು ಕಷ್ಟ ಅಲ್ವಾ? ಕಂಪ್ಯೂಟರ್ ಸೈನ್ಸ್ ಬಗ್ಗೆ ಬೇರೆಯೇ ಅನುಮಾನ. ಅದೇ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಸಿಗೋದಿಲ್ಲ. ಹಾಗಾದರೆ ಅದರಲ್ಲಿ ಕೆಲಸ ಕಡಿಮೆಯೇ, ಅಥವಾ ವಾದ ಮಾಡಲು ಜಾಸ್ತಿ ಜನ ಬೇಕೇ?

ಪೇಟೆಂಟ್ ಅರ್ಜಿ ಬರೆಯುವ ಕೆಲಸ ಮಾಡುತ್ತಿರುವವರು ಇದ್ದರೆ ದಯವಿಟ್ಟು ತಿಳಿಸಿ. ನೀವು ಏನು ಓದಿದ್ದಿರಿ? ಅದರಲ್ಲಿ ದಿನಾ ಉಪಯೋಗಕ್ಕೆ ಬರೋದು ಎಷ್ಟು?