ಗಿಟಾರ್‌ಗೆ ಕಾಫಿ ಹೂವು, ಟೀಪಾಯಿಗೆ ದರ್ಪಣ ಸುಂದರಿ: ಇನ್‌ಲೇ ಯಾರ ಹತ್ರ ಮಾಡಿಸಲಿ?

ಮೂಡಿಗೆರೆ ತೋಟದವ:
ಮನೆಯಲ್ಲಿ ಅಜ್ಜನ ಕಾಲದ ಬೀಟೆ ಟೀಪಾಯಿ ಇದೆ. ಕಾಲು ಗಟ್ಟಿ, ಮೇಲಿನ ಹಲಗೆ ಮಾತ್ರ ಬೋಳು. ಅದರಲ್ಲಿ ಇನ್‌ಲೇ ಮಾಡಿಸಿ, ಅಂದರೆ ಹಲಗೆ ಕೊರೆದು ಬೇರೆ ತುಂಡು ಕೂರಿಸಿ, ಬೇಲೂರಿನ ದರ್ಪಣ ಸುಂದರಿಯ ಚಿತ್ರ ಮೂಡಿಸಬೇಕು ಅಂತ ಅಮ್ಮನ ಆಸೆ. ನನಗೆ ಗಿಟಾರ್‌ನ 12ನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ತಂತಿ) ಹತ್ರ ಮುತ್ತಿನ ಚಿಪ್ಪಿನ ಕಾಫಿ ಹೂವಿನ ಗೊಂಚಲು ಬೇಕು. ಎರಡನ್ನೂ ಒಬ್ಬರಿಗೇ ಕೊಡಬಹುದಾ?

ಹಾಸನದ ಆಚಾರಿ:
ಬೇಡ ಸ್ವಾಮಿ. ನೋಡೋಕೆ ಒಂದೇ ಥರ, ಕೆಲಸ ಬೇರೆ ಬೇರೆ.

ಟೀಪಾಯಿ ಮೈಸೂರಿಗೆ ಕೊಡಿ. ಮಂಡಿ ಮೊಹಲ್ಲಾ ಕಡೆ ವಿಚಾರಿಸಿ. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿಗೆ ದಂತ ಕೂರಿಸಿದ್ದಾರಲ್ಲ, ಅದೇ ಕಸುಬು. ಈಗ ದಂತಕ್ಕೆ ನಿಷೇಧ. ಹಳದಿಗೆ ಹಲಸು, ಬೇರೆ ಬಣ್ಣಕ್ಕೆ ಬೇರೆ ಮರ, ಬಿಳಿಗೆ ಹೆಚ್ಚಾಗಿ ಪ್ಲಾಸ್ಟಿಕ್. ಅದಕ್ಕೇ "ಬಿಳಿ ಭಾಗಕ್ಕೆ ಏನು ಹಾಕ್ತೀರಿ?" ಅಂತ ಮೊದಲೇ ಕೇಳಿಬಿಡಿ. ಚಿತ್ರ ತೀರಾ ಚಿಕ್ಕದು ಮಾಡಿಸಬೇಡಿ. ಒಂದು ಗೇಣಿಗಿಂತ ಕಡಿಮೆಯಾದರೆ ಸುಂದರಿಯ ಕೈಬೆರಳು, ಒಡವೆ ಎಲ್ಲ ಬರೀ ಗೀರಾಗಿ ಉಳಿಯುತ್ತೆ. ಮೂಗು, ಕಣ್ಣು ಕೂರಿಸಿದ ತುಂಡುಗಳಲ್ಲ, ಕೊನೆಗೆ ಕೊರೆದು ಬಣ್ಣ ತುಂಬಿದ ಗೆರೆಗಳು. ಹಾಗಾಗಿ ಅವರು ಮೊದಲು ಮಾಡಿದ ಒಂದು ಮುಖವನ್ನು ಹತ್ತಿರದಿಂದ ನೋಡಿಯೇ ಅಡ್ವಾನ್ಸ್ ಕೊಡಿ.

ಗಿಟಾರ್ ಮಾತ್ರ ಗಿಟಾರ್ ಮಾಡುವವರಿಗೇ. ಟೀಪಾಯಿ ಹಲಗೆ ಚಪ್ಪಟೆ, ಫ್ರೆಟ್ ಕೂರುವ ಹಲಗೆಗೆ ಬಹಳಷ್ಟು ಗಿಟಾರ್‌ಗಳಲ್ಲಿ ಉಬ್ಬು ಇರುತ್ತೆ. ಆ ಉಬ್ಬು 12 ಇಂಚು ತ್ರಿಜ್ಯದ ವೃತ್ತದ ತುಣುಕು ಅಂದುಕೊಳ್ಳಿ. 12ನೇ ಫ್ರೆಟ್ ಹತ್ರ ಅಂಚು ನಡುವಿಗಿಂತ ಸುಮಾರು 1 ಮಿಲಿಮೀಟರ್ ಕೆಳಗಿರುತ್ತೆ. ಚಿಪ್ಪಿನ ದಪ್ಪವೇ ಒಂದೂವರೆ ಮಿಲಿಮೀಟರ್! ಅಗಲವಾದ ಒಂದೇ ತುಂಡು ಕೂರಿಸಿ ಉಬ್ಬಿಗೆ ತಕ್ಕಂತೆ ಉಜ್ಜಿದರೆ ಅಂಚಿನಲ್ಲಿ ಹಪ್ಪಳದಂತಾಗಿ ಒಡೆಯುತ್ತೆ. ನಿಮ್ಮ ಪುಣ್ಯ, ಕಾಫಿ ಹೂವಿಗೆ ಸಾಮಾನ್ಯವಾಗಿ ಐದು ಎಸಳು. ಒಂದೊಂದನ್ನೂ ಬೇರೆಯಾಗಿ ಕತ್ತರಿಸಿ ಕೂರಿಸಲಿ. 11 ಮತ್ತು 12ನೇ ಫ್ರೆಟ್ ನಡುವೆ ಸಿಗೋದು ಸುಮಾರು 19 ಮಿಲಿಮೀಟರ್. ಗೊಂಚಲು ಅದನ್ನು ದಾಟಿದರೆ ಫ್ರೆಟ್ ತಂತಿ ಕಿತ್ತು, ಚಿಪ್ಪಿನ ಮೇಲೇ ಮತ್ತೆ ತಂತಿ ಕೂರುವ ಸೀಳು ಕೊಯ್ಯಬೇಕು. ಖರ್ಚು ಜಾಸ್ತಿ.

ಮಳೆಗಾಲದಲ್ಲಂತೂ ಕೊಡಬೇಡಿ. ನಿಮ್ಮ ಕಡೆ ಮಳೆಗೆ ಮರ ತೇವ ಕುಡಿದು ಊದಿರುತ್ತೆ. ಬೇಸಿಗೆಗೆ ಒಣಗಿ ಕುಗ್ಗಿದಾಗ ಆಗ ಕೂರಿಸಿದ ತುಂಡಿನ ಹೊಂದಿಕೆ ಕೆಡಬಹುದು.

ಸಕಲೇಶಪುರದ ಶ್ರುತಿ:
ನಮ್ಮ ಮನೆಯಲ್ಲಿ ಇನ್‌ಲೇ ಮಾಡಿಸಿದಾಗ ಕಾಗದದ ನಕ್ಷೆಗೆ ಒಪ್ಪಿಗೆ ಹಾಕಿ ಫೋಟೊ ಇಟ್ಟುಕೊಂಡಿದ್ದೆವು. ಎಷ್ಟು ತುಂಡು, ಯಾವ ಮರ ಅಂತ ಅದರಲ್ಲೇ ಬರೆಸಿದ್ದೆವು. ಆಮೇಲೆ ಜಗಳ ಬರಲಿಲ್ಲ. ಹೊಸ ಬೀಟೆ ಹಲಗೆ ಸಾಗಿಸೋದಾದರೆ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲು ಕೇಳಿ ಅಣ್ಣ, ದಾರಿಯಲ್ಲಿ ಹಿಡಿದರೆ ಕಷ್ಟ.

ಮೂಡಿಗೆರೆ ತೋಟದವ:
ಹೊಸ ಹಲಗೆ ಏನೂ ಇಲ್ಲ, ಹಳೇ ಟೀಪಾಯಿ ಅಷ್ಟೇ. ಒಂದು ಅನುಮಾನ, ಇನ್‌ಲೇ ಆದ ಮೇಲೆ ಬಿಸಿ ಕಾಫಿ ಲೋಟ ಇಡಬಹುದಾ?

ಹಾಸನದ ಆಚಾರಿ:
ಅರಗಿನ ಪಾಲಿಶ್ ಆದರೆ ಲೋಟದ ಅಡಿಯಷ್ಟು ಬಿಳಿ ಉಂಗುರ ಏಳುತ್ತೆ. ಮೇಲೆ ಗಾಜು ಹಾಕಿಸಿ. ನಾಲ್ಕು ಮೂಲೆಗೂ ಸಣ್ಣ ರಬ್ಬರ್ ಬಟನ್ ಇಡಿಸಿ, ಇಲ್ಲದಿದ್ದರೆ ಗಾಜಿನ ಕೆಳಗೆ ನೀರು ಕೂತುಬಿಡುತ್ತೆ.